ಹತ್ತನೆಯವನ ತಲೆಯ ಗಾಯ

ವೇದಾಂತಪಾಠದ ಗಂಧವನ್ನು ಅಲ್ಪಸ್ವಲ್ಪ ಸೋಕಿಸಿಕೊಂಡವರಿಗೂ ಹಗ್ಗ ಮತ್ತು ಹಾವುಗಳ ದೃಷ್ಟಾಂತ ಹೊಸದಲ್ಲ. ಮುಸ್ಸಂಜೆಯ ಮಬ್ಬಿನಲ್ಲಿ ದಾರಿಗಡ್ಡವಾಗಿ ಬಿದ್ದಿದ್ದ ಹಗ್ಗವನ್ನು ಹಾವೆಂದು ಬಗೆದು ಹೌಹಾರಿದವನು, ದೀಪ ತಂದು ನೋಡಿದೊಡನೆ ಭಯ ನೀಗಿ ಸ್ವಸ್ಥನಾಗುತ್ತಾನೆ ಎಂಬಷ್ಟಕ್ಕೆ ಹೇಳುವವರೂ ಕೇಳುವವರೂ ತೃಪ್ತರಾಗಿ, ಅಲ್ಲಿಂದ ಜಗತ್ತಿನ ಸತ್ಯತ್ವ ಮಿಥ್ಯಾತ್ವಗಳ ಜಿಜ್ಞಾಸೆಗೆ ಹಾರಿಬಿಡುವುದು ವಾಡಿಕೆ. ಆದರೆ ಆ ದೃಷ್ಟಾಂತದ ಒಡಲಲ್ಲಿ, ಮಕ್ಕಳುಮರಿಗಳ ನಡುವೆ ಬಾಳುವ ನಮ್ಮಂಥವರಿಗೆ ಬ್ರಹ್ಮಜಿಜ್ಞಾಸೆಗಿಂತ ಸಮೀಪವಾದ ಒಂದು ಸಂಗತಿ ಅಡಗಿದೆ. ಹುಟ್ಟಿದಂದಿನಿಂದ ಹಾವನ್ನೇ ಕಾಣದ, ಹಾವಿನ ಮಾತನ್ನೇ ಕೇಳದ ಮನುಷ್ಯನೊಬ್ಬನಿದ್ದರೆ ಆತನಿಗೆ ಆ ಹಗ್ಗ ಎಂತಹ ಕತ್ತಲೆಯಲ್ಲಿಯೂ ಹಾವಾಗಿ ತೋರಲಾರದು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಪೀಠಿಕೆಯಲ್ಲಿ ಅಧ್ಯಾಸಕ್ಕೆ ಲಕ್ಷಣ ಹೇಳುವಾಗ, ಹಿಂದೆ ಕಂಡುದು ಸ್ಮರಣೆಯ ರೂಪದಿಂದ ಅನ್ಯತ್ರ ತೋರಿಕೊಳ್ಳುವುದೆಂಬ ಅಂಶವನ್ನು ಮರೆಯದೆ ಸೇರಿಸಿದ್ದಾರೆ. ಹೆದರಿದವನು ಎಂದೋ ಒಮ್ಮೆ ಹಾವನ್ನು ಚೆನ್ನಾಗಿಯೇ ಕಂಡವನು. ಆ ಹಿಂದಿನ ಕಾಣ್ಕೆಯೇ ಅವನ ಇಂದಿನ ಕಣ್ಣಿಗೆ ಮುಸುಕಾಗಿದೆ.

ಈ ಲಕ್ಷಣವನ್ನು ಮನುಷ್ಯ ಮನುಷ್ಯರ ನಡುವಣ ಬಾಂಧವ್ಯಕ್ಕೆ ಹಚ್ಚಿ ನೋಡಬೇಕು. ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗಂಡ ಯಾವುದೋ ಕಚೇರಿಯ ಗುಮಾಸ್ತ, ಸೌಮ್ಯ ಸ್ವಭಾವದವನು. ಸಂಜೆ ಗೇಟಿನ ಅಗುಳಿ ಸದ್ದಾದೊಡನೆ ಒಳಗೆ ಒಲೆಯ ಮುಂದಿರುವ ಹೆಂಡತಿಯ ಕೈ ಒಗ್ಗರಣೆಯ ಸೌಟಿನ ಮೇಲೆ ನಿಂತುಬಿಡುತ್ತದೆ. ಚಪ್ಪಲಿಯನ್ನು ಬಿಟ್ಟ ಸದ್ದು ಮೆಲ್ಲಗೋ ಜೋರೋ, ಕೊಡೆಯನ್ನು ಮೂಲೆಯಲ್ಲಿಟ್ಟರೋ ಬಿಸುಟರೋ, ಜಗಲಿಯಿಂದ ಹಜಾರಕ್ಕೆ ಬರುವ ಹೆಜ್ಜೆ ಎಂದಿನ ಲಯದಲ್ಲಿದೆಯೋ ಇಲ್ಲವೋ ಎಂದು ಆಕೆಯ ಕಿವಿ ಅಳೆಯುತ್ತಿರುವಷ್ಟರಲ್ಲಿ ಸಾಸಿವೆ ಸೀದುಹೋಗಿರುತ್ತದೆ. ಆತ ಮಾತಾಡದೆ ಕುರ್ಚಿಯಲ್ಲಿ ಕುಳಿತನೆಂದರೆ, "ಯಾಕ್ರೀ, ನನ್ನಿಂದೇನಾದರೂ ತಪ್ಪಾಯಿತೆ?" "ಏನೂ ಇಲ್ಲ, ತಲೆನೋವು." ಕಾಫಿ ಕೊಡುವಾಗ ಮತ್ತೊಮ್ಮೆ ಅದೇ ಪ್ರಶ್ನೆ; ಲೋಟ ಒಯ್ಯುವಾಗ ಮಗುದೊಮ್ಮೆ. ಆಗ ಆತನ ಧ್ವನಿ ಏರುತ್ತದೆ: "ಏನೂ ಇಲ್ಲವೆಂದು ಎಷ್ಟು ಸಲ ಹೇಳಲಿ?" ಏರಿದ ಆ ಧ್ವನಿಯೇ ಆಕೆಗೆ ಪ್ರಮಾಣವಾಗುತ್ತದೆ: ನೋಡು, ಕೋಪವಿತ್ತು, ಮುಚ್ಚಿಟ್ಟಿದ್ದರು. ಇಪ್ಪತ್ತು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ಹೆಂಡದಂಗಡಿಯಿಂದ ಮನೆಗೆ ಬರುತ್ತಿದ್ದ ತಂದೆಯ ಹೆಜ್ಜೆಯ ಸದ್ದಿನಿಂದಲೇ ಆ ರಾತ್ರಿ ಅಮ್ಮನಿಗೆ ಏಟು ಬೀಳುವುದೋ ಇಲ್ಲವೋ ಎಂಬುದನ್ನು ತಿಳಿಯಬಲ್ಲ ವಿದ್ಯೆಯನ್ನು ಆಕೆ ಕಲಿತಿದ್ದಳು. ಆ ವಿದ್ಯೆ ಆಗ ಆಕೆಯನ್ನು ಕಾಪಾಡಿತ್ತು. ಮದುವೆಯಾಗಿ ಬರುವಾಗ ಸೀರೆ ಒಡವೆಗಳ ಜೊತೆಗೆ ಅದೂ ಬಂದಿತು.

ಇಲ್ಲಿ ದೃಷ್ಟಾಂತಕ್ಕೂ ಜೀವನಕ್ಕೂ ಇರುವ ಒಂದು ಭೇದವನ್ನು ಗಮನಿಸಬೇಕು. ಹಗ್ಗವನ್ನು ನೂರು ಸಲ ಹಾವೆಂದು ಕೂಗಿದರೂ ಹಗ್ಗ ಹಗ್ಗವಾಗಿಯೇ ಬಿದ್ದಿರುತ್ತದೆ. ಮನುಷ್ಯ ಹಾಗಲ್ಲ, ಹಾವೆಂದು ಪದೇ ಪದೇ ಕರೆಸಿಕೊಂಡವನು ಒಂದು ದಿನ ಬುಸುಗುಟ್ಟುತ್ತಾನೆ. ಭಯವು ತಾನು ಭಯಪಡುವ ವಸ್ತುವನ್ನು ತಾನೇ ಹಡೆಯಬಲ್ಲದೆಂಬ ಈ ವಿಚಿತ್ರವು ಸಂಬಂಧಗಳಲ್ಲಿ ಅಲ್ಲದೆ ಬೇರೆಲ್ಲಿಯೂ ಇಷ್ಟು ನಿಚ್ಚಳವಾಗಿ ಕಾಣದು.

ಪತಂಜಲಿಯು ಕ್ಲೇಶಗಳಿಗೆ ನಾಲ್ಕು ಅವಸ್ಥೆಗಳನ್ನು ಹೇಳುತ್ತಾನೆ: ಪ್ರಸುಪ್ತ, ತನು, ವಿಚ್ಛಿನ್ನ, ಉದಾರ. ಮಲಗಿರುವುದು, ತೆಳುವಾಗಿರುವುದು, ನಡುನಡುವೆ ತುಂಡರಿಸಿರುವುದು, ತಲೆಯೆತ್ತಿ ಹರಡಿರುವುದು. ತವರಿನಿಂದ ಹೊರಟಂದು ಪ್ರಸುಪ್ತವಾಗಿದ್ದ ಆಕೆಯ ಭೀತಿ ಅಗುಳಿಯ ಸದ್ದಿನೊಡನೆ ಉದಾರವಾಗುತ್ತದೆ. ಇಪ್ಪತ್ತು ವರ್ಷ ನಡುವೆ ಕಳೆದಿದೆಯಲ್ಲ ಎಂದರೆ, ಅದಕ್ಕೂ ಯೋಗಸೂತ್ರದ ಕೈವಲ್ಯಪಾದದಲ್ಲಿ ಸಮಾಧಾನವಿದೆ: ದೇಶ ಕಾಲಗಳೇ ಏಕೆ, ಜನ್ಮವೇ ನಡುವೆ ಬಂದರೂ ವಾಸನೆಗಳ ಸಾತತ್ಯಕ್ಕೆ ಭಂಗವಿಲ್ಲವೆಂದೂ, ಸ್ಮೃತಿಯೂ ಸಂಸ್ಕಾರವೂ ಏಕರೂಪವಾಗಿರುವುದೇ ಇದಕ್ಕೆ ಕಾರಣವೆಂದೂ ಸೂತ್ರಕಾರನ ಅಭಿಪ್ರಾಯ. ಪೂರ್ವಜನ್ಮವನ್ನು ಒಪ್ಪದವರು ಆ ಭಾಗವನ್ನು ಬಿಡಲಿ. ಈ ಜನ್ಮದ ಬಾಲ್ಯವೊಂದೇ ಸಾಕು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲಿನ ಬಟ್ಟಲನ್ನು ಕಂಡು ಓಡಿದ ಕಥೆಗೆ ನಾವೆಲ್ಲ ಚಿಕ್ಕಂದಿನಲ್ಲಿ ನಕ್ಕಿದ್ದೇವೆ. ಆದರೆ ಬೆಕ್ಕಿನ ತರ್ಕದಲ್ಲಿ ದೋಷವೆಲ್ಲಿದೆ? ಅದಕ್ಕೆ ದೊರೆತಿದ್ದ ಪ್ರಮಾಣ ಸುಡುವ ಹಾಲೊಂದೇ. ನಗಬೇಕಾದದ್ದಿದ್ದರೆ ಹಾಗೆ ಹಾಲೆರೆದವನನ್ನು ಕುರಿತು.

ಈಚಿನ ಮನಶ್ಶಾಸ್ತ್ರಜ್ಞರು ಬೇರೆ ದಾರಿಯಿಂದ ಇಲ್ಲಿಗೇ ಬಂದಿದ್ದಾರೆ. ಚಿಕಿತ್ಸೆಗೆ ಬಂದ ರೋಗಿ ತನ್ನ ತಂದೆತಾಯಿಗಳ ಮೇಲಣ ಪ್ರೀತಿದ್ವೇಷಗಳನ್ನು ತನಗರಿವಿಲ್ಲದೆ ವೈದ್ಯನ ಮೇಲೆ ಹೊರಿಸುವುದನ್ನು ಫ್ರಾಯ್ಡ್ 1912ರ ಒಂದು ಲೇಖನದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾನೆ; ಅಧ್ಯಾಸವನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಹೆಚ್ಚಿಲ್ಲ. ಇದಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಲಂಡನ್ನಿನ ಟಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಜಾನ್ ಬೌಲ್ಬಿಯೊಡನೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಹೊರತಂದ ಒಂದು ಚಿತ್ರ. ಎರಡು ವರ್ಷದ ಹೆಣ್ಣುಮಗುವೊಂದು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿರುತ್ತದೆ. ಅಂದಿನ ನಿಯಮದಂತೆ ತಾಯ್ತಂದೆಗಳು ಜೊತೆಯಲ್ಲಿರುವಂತಿಲ್ಲ, ಆಗಾಗ ಬಂದು ನೋಡಿ ಹೋಗಬೇಕು. ಮಗು ಹೆಚ್ಚು ಅಳುವುದಿಲ್ಲ, ಗಂಭೀರವಾಗಿ ಅಳುವನ್ನು ನುಂಗಿಕೊಳ್ಳುತ್ತದೆ. ಮನೆಗೆ ಕರೆದೊಯ್ಯುವ ದಿನ ತನ್ನ ಸಾಮಾನುಗಳನ್ನೆಲ್ಲ ಎತ್ತಿಕೊಂಡು ಹೊರಡುತ್ತದೆ. ಆದರೆ ತಾಯಿ ಚಾಚಿದ ಕೈಯನ್ನು ಮಾತ್ರ ಹಿಡಿಯುವುದಿಲ್ಲ. ಹಂಬಲಿಸಿದ ಕೈಯೇ ಎದುರಿಗೆ ಬಂದಾಗ ಅದನ್ನು ನಿರಾಕರಿಸುವ ಈ ರೀತಿಯನ್ನು ದೊಡ್ಡವರಲ್ಲಿ ಕಂಡರೆ ನಾವು ಹಟವೆನ್ನುತ್ತೇವೆ, ಅಹಂಕಾರವೆನ್ನುತ್ತೇವೆ.

ಹೀಗೆಂದಮಾತ್ರಕ್ಕೆ ಅಂಜಿದವನಿಗೆ ತೋರುವುದೆಲ್ಲ ಭ್ರಾಂತಿಯೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಕುಂತಿಯು ಗಂಗಾತೀರದಲ್ಲಿ ಕರ್ಣನ ಬಳಿಗೆ ಬಂದ ಪ್ರಸಂಗವನ್ನು ನೆನೆಯಬೇಕು. ಹೆತ್ತ ಕೈಯೇ ನೀರಿಗೆ ಬಿಟ್ಟದ್ದು ಆತನ ಬಾಳಿನ ಮೊದಲನೆಯ ಅನುಭವ. ರಂಗಭೂಮಿಯಲ್ಲಿ ಕುಲ ಕೇಳಿ ತಲೆ ತಗ್ಗಿಸುವಂತೆ ಮಾಡಿದ್ದು ಅದರ ಮೇಲೆ ಬಿದ್ದ ಬರೆ. ತಾಯಿ ಬಂದು ಮಗನೇ ಎಂದಾಗ ಆತ ಕರಗಿ ಕಾಲಿಗೆ ಬೀಳಲಿಲ್ಲ. ವೈರಿಯಾದವನು ಕೂಡ ನಿನಗಿಂತ ಹೆಚ್ಚಿನ ಅಹಿತವನ್ನು ನನಗೆ ಮಾಡಲಾರನೆಂದೂ, ಈಗಲಾದರೂ ನೀನು ಬಂದದ್ದು ನಿನ್ನ ಹಿತಕ್ಕಾಗಿಯೇ ಎಂದೂ ಆಡಿಬಿಟ್ಟನೆಂದು ವ್ಯಾಸಭಾರತ ಹೇಳುತ್ತದೆ. ಇದು ನೊಂದವನ ಶಂಕೆ, ನಿಜ. ಆದರೆ ಶಂಕೆ ಸುಳ್ಳಾಗಿರಲಿಲ್ಲ. ಯುದ್ಧ ಕಣ್ಣೆದುರಿಗಿಲ್ಲದಿದ್ದರೆ ಕುಂತಿ ಅಂದು ಬರುತ್ತಿದ್ದಳೆ? ಪೆಟ್ಟು ತಿಂದವರ ಕಣ್ಣು ಕೆಲವೊಮ್ಮೆ ಸುಖವಾಗಿ ಬೆಳೆದವರ ಕಣ್ಣಿಗಿಂತ ಸೂಕ್ಷ್ಮವಾಗಿರುತ್ತದೆ, ನಿಜವಾದ ಹಾವನ್ನು ಎಲ್ಲರಿಗಿಂತ ಮೊದಲು ಕಾಣುವವರೂ ಅವರೇ. ಹೊಡೆಯುವ ಗಂಡನ ಮನೆಯಲ್ಲಿರುವವಳಿಗೆ ನಿನ್ನ ಭಯವೆಲ್ಲ ಪೂರ್ವಸಂಸ್ಕಾರವೆಂದು ಉಪದೇಶಿಸಲು ಹೋಗುವ ವೇದಾಂತಿಗೆ ವಿವೇಕವೂ ಇಲ್ಲ, ಕರುಣೆಯೂ ಇಲ್ಲ. ಮೊದಲು ದೀಪ ಹಿಡಿದು ನೋಡತಕ್ಕದ್ದು; ಹಾವಾಗಿದ್ದರೆ ಅಲ್ಲಿಂದ ಹೊರಡತಕ್ಕದ್ದು.

ದೀಪ ಹಿಡಿದು ನೋಡಿದ್ದಾಯಿತು, ಹಗ್ಗವೆಂದು ತಿಳಿದದ್ದೂ ಆಯಿತು ಎಂದಿಟ್ಟುಕೊಳ್ಳೋಣ. ಗಂಡ ತಂದೆಯಂಥವನಲ್ಲವೆಂಬುದು ಆಕೆಗೆ ಹಗಲು ಹೊತ್ತಿನಲ್ಲಿ ಚೆನ್ನಾಗಿ ತಿಳಿದಿದೆ. ತಂಗಿ ಕೇಳಿದರೆ ದೇವರಂಥವರೆಂದು ಹೇಳುತ್ತಾಳೆ. ಆದರೂ ಸಂಜೆ ಅಗುಳಿ ಸದ್ದಾದರೆ ಎದೆ ಹಾರುತ್ತದೆ. ಜ್ಞಾನದಿಂದ ಅಜ್ಞಾನಕಾರ್ಯ ನಿವೃತ್ತಿಯಾಗಬೇಕಷ್ಟೆ, ಏಕೆ ಆಗಲಿಲ್ಲ? ವೇದಾಂತದ ಮೇಲೆ ಹೊರಿಸಬಹುದಾದ ಆಕ್ಷೇಪಗಳಲ್ಲಿ ಇದು ಸಣ್ಣದಲ್ಲ. ಇದಕ್ಕೆ ನಾನು ಕಂಡ ಅತ್ಯಂತ ಮಾನವೀಯವಾದ ಉತ್ತರ, 14ನೆಯ ಶತಮಾನದಲ್ಲಿ ಶೃಂಗೇರಿಯ ಪೀಠವನ್ನಲಂಕರಿಸಿದ್ದ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಪಂಚದಶಿಯ ಏಳನೆಯದಾದ ತೃಪ್ತಿದೀಪ ಪ್ರಕರಣದಲ್ಲಿದೆ. ಹಗ್ಗವೆಂದು ಅರಿತ ಮೇಲೂ ಮೈಯ ನಡುಕ ಮೆಲ್ಲಮೆಲ್ಲನೆಯೇ ಶಮನವಾಗುವುದೆಂದು ಅಲ್ಲಿ ಒಪ್ಪಿಕೊಂಡಿದೆ. ಅಷ್ಟೇ ಅಲ್ಲ, ಅದೇ ಹಗ್ಗವನ್ನು ಮತ್ತೆ ಮಂದವಾದ ಕತ್ತಲೆಯಲ್ಲಿ ಎಸೆದರೆ ಮತ್ತೆಯೂ ಹಾವಾಗಿ ಕಂಡೀತೆಂದೂ, ಇಷ್ಟರಿಂದ ಬಂದ ಜ್ಞಾನವೇನೂ ನಾಶವಾಗದೆಂದೂ, ಒಮ್ಮೆ ತಪ್ಪಿದರೆ ಕೆಟ್ಟುಹೋಗಲು ಇದೊಂದು ವ್ರತವಲ್ಲವೆಂದೂ ಆಚಾರ್ಯರು ಭರವಸೆ ಕೊಡುತ್ತಾರೆ. ಭಯ ಮರುಕಳಿಸಿದಾಗಲೆಲ್ಲ, ಅಯ್ಯೋ, ಎಲ್ಲ ತಿಳಿದೂ ಹೀಗಾದೆನಲ್ಲ ಎಂದು ತಮ್ಮನ್ನೇ ಹಳಿದುಕೊಂಡು ಮೊದಲ ನೋವಿನ ಮೇಲೆ ಎರಡನೆಯದನ್ನು ಹೇರಿಕೊಳ್ಳುವವರು ಈ ಮಾತನ್ನು ಮನನ ಮಾಡಬೇಕು.

ಅದರ ಬೆನ್ನಿಗೇ ಹತ್ತನೆಯವನ ಪ್ರಸ್ತಾಪ ಬರುತ್ತದೆ. ನಮ್ಮ ಮಕ್ಕಳು ಗಾಂಪರ ಕಥೆಯಾಗಿ ಕೇಳುವುದೂ ಇದನ್ನೇ. ಹತ್ತು ಮಂದಿ ಹೊಳೆ ದಾಟಿ ದಡಕ್ಕೆ ಬಂದು ಎಣಿಸುತ್ತಾರೆ. ಎಣಿಸಿದವನು ತನ್ನನ್ನು ಬಿಟ್ಟು ಎಣಿಸಿದ್ದರಿಂದ ಒಂಬತ್ತೇ ಆಗುತ್ತದೆ. ಹತ್ತನೆಯವನು ನೀರುಪಾಲಾದನೆಂದು ತಲೆ ಚಚ್ಚಿಕೊಂಡು ಗೋಳಾಡುತ್ತಾರೆ. ದಾರಿಹೋಕನೊಬ್ಬ ಬಂದು ಹತ್ತನೆಯವನು ನೀನೇ ಎನ್ನುತ್ತಾನೆ. ಸಾಮಾನ್ಯವಾಗಿ ಕಥೆ ಇಲ್ಲಿ ಮುಗಿದು, ಆತ್ಮಜ್ಞಾನದ ಮಹಿಮೆ ಮೊದಲಾಗುತ್ತದೆ. ತೃಪ್ತಿದೀಪದ ಕರ್ತೃ ಇನ್ನೊಂದು ಹೆಜ್ಜೆ ಮುಂದಿಟ್ಟು ಆ ಮನುಷ್ಯನ ತಲೆಯನ್ನು ನೋಡುತ್ತಾನೆ. ಅಳು ಆ ಕ್ಷಣವೇ ನಿಂತಿತು. ಆದರೆ ಚಚ್ಚಿಕೊಂಡು ಆದ ಗಾಯ ಮಾಯುವುದಕ್ಕೆ ತಿಂಗಳೇ ಹಿಡಿಯುತ್ತದೆ. ಹತ್ತನೆಯವನು ಸತ್ತದ್ದು ಸುಳ್ಳು, ಗಾಯ ಮಾತ್ರ ದಿಟ. ಕಾರಣ ಮಿಥ್ಯೆಯೆಂದಮಾತ್ರಕ್ಕೆ ಕಾರ್ಯವಾದ ವೇದನೆಯನ್ನು ಮಿಥ್ಯೆಯೆಂದು ತಳ್ಳಿಹಾಕದ ಈ ಔದಾರ್ಯ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಎಲ್ಲೆಡೆ ಸಿಕ್ಕುವಂಥದ್ದಲ್ಲ.

ಇಷ್ಟಾದರೂ ಒಂದು ಕೊರತೆ ನನಗೆ ತೋರುತ್ತದೆ, ಹೇಳಿಬಿಡುತ್ತೇನೆ. ಜೀವನ್ಮುಕ್ತಿವಿವೇಕದಲ್ಲಿ ವಿದ್ಯಾರಣ್ಯರು ತತ್ತ್ವಜ್ಞಾನ, ವಾಸನಾಕ್ಷಯ, ಮನೋನಾಶಗಳನ್ನು ಒಟ್ಟಿಗೇ ಅಭ್ಯಾಸ ಮಾಡಬೇಕೆಂದು ವಿಧಿಸಿದ್ದಾರೆ. ಆದರೆ ಆ ಅಭ್ಯಾಸಿ ಸಂನ್ಯಾಸಿ. ಮನೆಯನ್ನೇ ತೊರೆದವನಿಗೆ ಗೇಟಿನ ಅಗುಳಿಯ ಸದ್ದೆಲ್ಲಿಯದು? ಗೃಹಸ್ಥರಿಗೆ ಹಗ್ಗವನ್ನು ದಿನದಿನವೂ ಅದೇ ಮಬ್ಬಿನಲ್ಲಿಯೇ ನೋಡುವ ವಿಧಿಯಿದೆ. ಸಂಸ್ಕಾರವನ್ನು ಅವರವರ ಸ್ವಂತ ಲೆಕ್ಕವೆಂದು, ಅವರವರೇ ತೀರಿಸತಕ್ಕ ಸಾಲವೆಂದು ಶಾಸ್ತ್ರ ಬಗೆದಿದೆ. ನನ್ನ ಬುದ್ಧಿಗೆ ಇದು ಅರ್ಧ ಮಾತ್ರ ಒಪ್ಪಿಗೆಯಾಗುತ್ತದೆ. ಭೀತಿಯ ಸಂಸ್ಕಾರ ಮೂಡಿದ್ದು ಒಬ್ಬರೇ ಇದ್ದಾಗಲಲ್ಲ, ಇನ್ನೊಬ್ಬರ ಕೈಯಿಂದ. ಅದು ಅಳಿಯುವುದಕ್ಕೂ ಇನ್ನೊಬ್ಬರ ಕೈ ಬೇಕಾಗುವುದರಲ್ಲಿ ನಾಚಿಕೆಯೇನಿದೆ? ಪತಂಜಲಿಯೂ ಚಿತ್ತಪ್ರಸಾದಕ್ಕೆ ಸಾಧನವಾಗಿ ಹೇಳಿದ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳು ನಾಲ್ಕೂ ಎದುರಿಗೆ ಇನ್ನೊಬ್ಬ ಮನುಷ್ಯನಿಲ್ಲದೆ ಅಭ್ಯಾಸಕ್ಕೆ ಬಾರದಂಥವು.

ಗಂಡನ ಕಷ್ಟ ಇಲ್ಲಿ ಕಡಮೆಯದಲ್ಲ. ಮಾಡದ ಅಪರಾಧಕ್ಕೆ ದಿನವೂ ಸಮಜಾಯಿಷಿ ಕೊಡಬೇಕಾದವನಿಗೆ, "ನಾನೇನು ನಿಮ್ಮಪ್ಪನೇ?" ಎಂದು ಕೇಳಿಬಿಡಬೇಕೆನಿಸುವುದು ಸಹಜ, ಆ ಪ್ರಶ್ನೆ ನ್ಯಾಯವಾದದ್ದೇ ಆದರೂ ಕೇಳಿದ್ದರಿಂದ ಯಾರ ನಡುಕವೂ ನಿಂತದ್ದಿಲ್ಲ. ಆತನಿಗೂ ತನ್ನದೇ ಆದ ಹಳೆಯ ಕಥೆಯಿರಬಹುದು: ಎಷ್ಟು ಮಾಡಿದರೂ ಮೆಚ್ಚದ ತಾಯಿ, ಮಾತಿಗೊಮ್ಮೆ ಅನುಮಾನಿಸಿದ ಅಣ್ಣ. ಹೆಂಡತಿಯ ಪ್ರಶ್ನೆಯಲ್ಲಿ ಆತ ಕೇಳುತ್ತಿರುವುದು ಅವರ ಧ್ವನಿಯನ್ನೇನೋ. ಒಂದೇ ಹಜಾರದಲ್ಲಿ ಕುಳಿತ ಇಬ್ಬರ ನಡುವೆ ಅಲ್ಲಿಲ್ಲದ ನಾಲ್ವರು ಜಗಳವಾಡುತ್ತಿರುವುದು ನಮ್ಮ ಸಂಸಾರಗಳಲ್ಲಿ ಅಪರೂಪವೇನಲ್ಲ. ಹಾಗೆಂದು ಗಾಯವಾದವರು ಗಾಯದ ಹೆಸರಿನಲ್ಲಿ ಮನೆಯವರನ್ನೆಲ್ಲ ಸದಾ ಕಟಕಟೆಯಲ್ಲಿ ನಿಲ್ಲಿಸಿರಬಹುದೆಂದಲ್ಲ. ಮೂರನೆಯ ಸಲ ಕೇಳಬೇಕೆನಿಸಿದಾಗ ನಾಲಗೆಯನ್ನು ತಡೆದು, ಇದು ಹಿಂದಿನ ಹೆಜ್ಜೆಯ ಸದ್ದು ಎಂದು ತನಗೆ ತಾನೇ ಹೇಳಿಕೊಳ್ಳುವ ದುಡಿಮೆ ಆಕೆಯದೇ. ಅದನ್ನು ಮತ್ತೊಬ್ಬರು ಮಾಡಿಕೊಡಲಾರರು. ಬರುವ ದಾರಿಯಲ್ಲಿಯೇ ತಲೆನೋವಿನ ಸುದ್ದಿಯನ್ನು ಗೇಟಿನಿಂದ ಕೂಗಿ ಹೇಳುವಷ್ಟು ಸಣ್ಣ ಕೆಲಸ ಆತನದು.

ಪಂಚದಶಿಯಲ್ಲಿ ಹತ್ತನೆಯವನು ಬದುಕಿರುವನೆಂಬ ಹರ್ಷವು ತಲೆಯ ಗಾಯದ ವ್ಯಥೆಯನ್ನು ಮರೆಸುವುದೆಂದು ಹೇಳಿದೆ. ಮರೆಸುವುದೆಂದಿದೆಯೇ ಹೊರತು ಮಾಯಿಸುವುದೆಂದಿಲ್ಲ. ಮಾಯುವ ಆ ಒಂದು ತಿಂಗಳಿನಲ್ಲಿ, ತನ್ನ ಕಣ್ಣಿಗೆ ಕಾಣದ ಜಾಗದಲ್ಲಿರುವ ಆ ಗಾಯಕ್ಕೆ ಎಣ್ಣೆಬಟ್ಟೆ ಕಟ್ಟಿದವರು ಯಾರೆಂಬುದನ್ನು ಗ್ರಂಥಕಾರರು ಹೇಳುವ ಗೋಜಿಗೆ ಹೋಗಿಲ್ಲ. ಹೊಳೆ ದಾಟಿದವರಲ್ಲಿ ಇನ್ನೂ ಒಂಬತ್ತು ಜನರಿದ್ದರು; ಚಚ್ಚಿಕೊಂಡವನು ಆತನೊಬ್ಬನೇ ಆಗಿದ್ದನೆಂದೂ ನಾನು ನಂಬಲಾರೆ.