ದಾಟಿಸಿದ್ದೂ ಮುಳುಗಿಸಿದ್ದೂ

ನಮ್ಮ ಗಾಜನೂರಿನವರಿಗೆ ನೀರೆಂದರೆ ತುಂಗೆ, ಹೆಚ್ಚೆಂದರೆ ಅಣೆಕಟ್ಟಿನ ಹಿನ್ನೀರು. ಕಡಲ ಯುದ್ಧ ಬಲು ದೂರದ ಮಾತು. ಆದರೂ ಜಲಾಂತರ್ಗಾಮಿಯೊಂದರ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. 1943ರ ಏಪ್ರಿಲ್ 28ರಂದು ಮಡಗಾಸ್ಕರ್ ಬಳಿ, ಉಬ್ಬರದ ಅಲೆಗಳ ನಡುವೆ, ಸುಭಾಷ್‌ಚಂದ್ರ ಬೋಸರು ರಬ್ಬರ್ ದೋಣಿಯಲ್ಲಿ ಜರ್ಮನಿಯ ಯು-180ರಿಂದ ಜಪಾನಿನ ಐ-29ಕ್ಕೆ ದಾಟಿಕೊಂಡ ಕಥೆ. ಕೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇದೇ ಐ-29 ಅದಕ್ಕೆ ಐದು ತಿಂಗಳು ಮೊದಲು, 1942ರ ನವೆಂಬರ್ 23ರಂದು, ಮುಂಬಯಿಯಿಂದ ಆಫ್ರಿಕಾಕ್ಕೆ ಹೊರಟಿದ್ದ ತಿಲಾವಾ ಹಡಗಿಗೆ ಟಾರ್ಪೆಡೊ ಹೊಡೆದಿತ್ತು. ಹಡಗಿನಲ್ಲಿದ್ದವರು 958 ಮಂದಿ. ಪ್ರಯಾಣಿಕರಲ್ಲಿ ಬಹುಪಾಲು ಭಾರತೀಯರೇ, ಹೆಂಗಸರು ಮಕ್ಕಳು ಸೇರಿ. ಮೊದಲ ಏಟಿಗೆ ಹಡಗು ಮುಳುಗಲಿಲ್ಲ. ದೋಣಿಗಿಳಿದಿದ್ದವರಲ್ಲಿ ಕೆಲವರು, ಗಂಡಾಂತರ ಕಳೆಯಿತೆಂದು, ಮರಳಿ ಹಡಗು ಹತ್ತಿದರು. ಆಗ ಎರಡನೆಯದು ಬಂತು. 280 ಜನ ಸತ್ತರು.

ಇದನ್ನು ಹೇಳಿದಾಗ ನೆರೆಯವರೊಬ್ಬರು, "ಯುದ್ಧ ಅಂದಮೇಲೆ ಅಷ್ಟೇ ಮಾರಾಯ್ರೇ, ಹಡಗು ಬ್ರಿಟಿಷರದ್ದಲ್ವಾ?" ಎಂದರು. ಬ್ರಿಟಿಷರದೇ. ಒಳಗೆ ಬೆಳ್ಳಿ ಗಟ್ಟಿಗಳೂ ಇದ್ದವು. (2017ರಲ್ಲಿ ಅವನ್ನು ಕಡಲ ತಳದಿಂದ ಎತ್ತಿದರು, ಆ ವ್ಯಾಜ್ಯ 2024ರವರೆಗೆ ಲಂಡನ್ನಿನ ಸುಪ್ರೀಂ ಕೋರ್ಟಿನ ತನಕ ನಡೆಯಿತು.) ಆದರೆ ನಿಲ್ಲಲೊಲ್ಲದ ಹಡಗಿನ ಮಾತು ಬಿಟ್ಟರೆ, ಜನರನ್ನು ಮೊದಲು ಸುರಕ್ಷಿತ ಜಾಗಕ್ಕೆ ಸೇರಿಸದೆ ವ್ಯಾಪಾರಿ ಹಡಗನ್ನು ಮುಳುಗಿಸಕೂಡದೆಂದು 1936ರ ಲಂಡನ್ ಒಡಂಬಡಿಕೆ ಹೇಳಿತ್ತು. ಜಪಾನ್, ಜರ್ಮನಿ, ಬ್ರಿಟನ್, ಅಮೆರಿಕ ಎಲ್ಲರೂ ಒಪ್ಪಿದ್ದರು. ಮುಂದೆ ನ್ಯೂರೆಂಬರ್ಗಿನಲ್ಲಿ ಜರ್ಮನ್ ನೌಕಾಧಿಪತಿ ಡೋನಿಟ್ಸನ ವಿಚಾರಣೆಗೆ ಅಮೆರಿಕದ ನಿಮಿಟ್ಜ್ ಬರೆದುಕೊಟ್ಟ ಹೇಳಿಕೆ ಏನು? ಪೆಸಿಫಿಕ್‌ನಲ್ಲಿ ತಾವೂ ಮೊದಲ ದಿನದಿಂದ ಹಾಗೆಯೇ ಮಾಡಿದೆವೆಂದು! ಆ ನಿಯಮಭಂಗಕ್ಕಾಗಿ ಡೋನಿಟ್ಸನಿಗೆ ಶಿಕ್ಷೆ ಬೀಳಲಿಲ್ಲ. ಇಬ್ಬರೂ ಕದ್ದರೆ ಕಳವೇ ಆಗಲಿಲ್ಲವೆಂಬ ನ್ಯಾಯ.

ಜಲಾಂತರ್ಗಾಮಿಯೊಳಗೆ ಬದುಕಿದವರನ್ನು ಹತ್ತಿಸಿಕೊಳ್ಳಲು ಜಾಗವಿಲ್ಲ, ಮೇಲೆ ಬಂದರೆ ತಾನೇ ಗುರಿ ಎಂಬ ಸಮಜಾಯಿಷಿ ಇದೆ. ನಿಜವೇ. ಆದರೆ ಜಾಗವಿಲ್ಲದ ಆಯುಧವನ್ನು ಆರಿಸಿಕೊಂಡು ಬಂದವರು ಯಾರು?

ಬೋಸರು ಒಳಗಿದ್ದಾಗಲೇ, ಏಪ್ರಿಲ್ 18ರಂದು, ಯು-180 ಕೂಡ ಕಾರ್ಬಿಸ್ ಎಂಬ ಬ್ರಿಟಿಷ್ ಎಣ್ಣೆ ಹಡಗನ್ನು ಮುಳುಗಿಸಿತ್ತು. ಇದರಿಂದ ಅವರ ಸಾಹಸ ಕುಂದೀತೆಂದು ನಾನು ಹೇಳಲಾರೆ. ಪರಾಧೀನ ದೇಶದವನಿಗೆ ಸಿಕ್ಕಿದ ದಾರಿ ಅದು. ಆದರೆ ತಿಲಾವಾದ ಹೆಂಗಸರು ಮಕ್ಕಳೂ ಅದೇ ಪರಾಧೀನ ದೇಶದವರು. ನೇತಾಜಿಯನ್ನು ದಾಟಿಸಿದ ಉಪಕಾರಕ್ಕೆ ನಾವು ಐ-29ರ ಆ ಲೆಕ್ಕವನ್ನು ಮನ್ನಾ ಮಾಡಿದ್ದೇವೆಯೇ ಎಂದರೆ, ಅದೂ ಇಲ್ಲ. ಲೆಕ್ಕವೊಂದು ಇದೆಯೆಂದೇ ನಮ್ಮಲ್ಲಿ ಬಹಳ ಮಂದಿಗೆ ಯಾರೂ ಹೇಳಿಲ್ಲ.