ಯಾರಿಗೂ ಅನ್ನವಾಗದ ವಸ್ತು

ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳ ಅಡಿಕೆ ತೋಟಗಳು ಕೊಳೆಯುವಿಕೆಯನ್ನೇ ಆಶ್ರಯಿಸಿ ಬಾಳಿದವು. ಒಂದೆಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟ ಹಳೆಯ ಏರ್ಪಾಡಿನಲ್ಲಿ, ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ದನಗಳ ಕಾಲಡಿಯಲ್ಲಿ ಸಗಣಿಯೊಡನೆ ಬೆರೆತು, ಗೊಬ್ಬರಗುಂಡಿಯಲ್ಲಿ ಪಕ್ವವಾಗಿ, ಮರದ ಬುಡವನ್ನು ಸೇರಿ, ಮರಳಿ ಹಿಂಗಾರವಾಗಿ ಅರಳುತ್ತಿದ್ದಿತು. ಮಳೆಗಾಲದ ಕೊಳೆರೋಗದಿಂದ ಅಡಿಕೆಕೊನೆಯನ್ನು ಕಾಪಾಡಲು ಕಟ್ಟುತ್ತಿದ್ದ ಕೊಟ್ಟೆಯೂ ಹಾಳೆಯದೋ ಕರಡದ ಹುಲ್ಲಿನದೋ ಆಗಿದ್ದುದರಿಂದ, ತನ್ನ ಕೆಲಸ ತೀರಿದೊಡನೆ ಅದೂ ಬುಡಕ್ಕೆ ಬಿದ್ದು ಮಣ್ಣಾಗುತ್ತಿದ್ದಿತು. ಆ ಸ್ಥಾನಕ್ಕೆ ಪ್ಲಾಸ್ಟಿಕ್ ಕೊಟ್ಟೆ ಬಂದಿತು. ಅದು ಹಗುರ, ಮಳೆಯನ್ನು ಚೆನ್ನಾಗಿ ತಡೆಯುತ್ತದೆ; ಆದರೆ ಹರಿದು ಬಿದ್ದ ಮೇಲೆ ಅದನ್ನು ಉಣ್ಣುವವರು ಆ ತೋಟದಲ್ಲಿ ಯಾರೂ ಇಲ್ಲ.

ತೈತ್ತಿರೀಯೋಪನಿಷತ್ತಿನ ಭೃಗುವು ತಪಸ್ಸಿನಿಂದ ಮೊದಲು ಕಂಡುಕೊಂಡ ತತ್ತ್ವ ಅನ್ನವೇ ಬ್ರಹ್ಮವೆಂಬುದು: ಭೂತಗಳು ಅನ್ನದಿಂದ ಹುಟ್ಟಿ, ಅನ್ನದಿಂದ ಬದುಕಿ, ಕಡೆಗೆ ಅನ್ನದಲ್ಲಿಯೇ ಲೀನವಾಗುವುವು. ಭೃಗುವು ಈ ಮೆಟ್ಟಿಲಿನಲ್ಲಿಯೇ ನಿಲ್ಲಲಿಲ್ಲವಾದರೂ ಮೆಟ್ಟಿಲು ಸುಳ್ಳಾಗಲಿಲ್ಲ. ಹಾಗಿರುವಲ್ಲಿ, ಯಾವ ಜೀವಿಗೂ ಅನ್ನವಾಗದ ವಸ್ತುವೊಂದನ್ನು ಮನುಷ್ಯನು ನಿರ್ಮಿಸಿದನೆಂದರೆ, ಅವನು ಸೃಷ್ಟಿಯ ಹೊರಗೊಂದು ಪದಾರ್ಥವನ್ನು ತಂದಿಟ್ಟನೆನ್ನಬೇಕೆ?

ವಿಜ್ಞಾನವು ಇದಕ್ಕೆ ಕೊಡುವ ಉತ್ತರ ನಮ್ಮ ಅಹಂಕಾರವನ್ನು ತಗ್ಗಿಸುವಂಥದು. ಮರಕ್ಕೆ ಗಟ್ಟಿತನವನ್ನು ಕೊಡುವ ಲಿಗ್ನಿನ್ ಎಂಬ ದ್ರವ್ಯವನ್ನು ಪೂರ್ಣವಾಗಿ ಅರಗಿಸುವ ಶಕ್ತಿ ಅಣಬೆಗಳ ಒಂದು ಕುಲಕ್ಕೆ ಸುಮಾರು 30 ಕೋಟಿ ವರ್ಷಗಳ ಹಿಂದೆ ಸಿದ್ಧಿಸಿತೆನ್ನುತ್ತಾರೆ. ಇಂದಿಗೂ ಸೊಪ್ಪಿನ ಬೆಟ್ಟದ ತರಗೆಲೆ ಮಣ್ಣಾಗುವುದರಲ್ಲಿ ಆ ಪ್ರಾಚೀನ ಸಿದ್ಧಿಯ ಪಾಲಿದೆ. ಪ್ಲಾಸ್ಟಿಕ್ಕಿನ ವಿಷಯದಲ್ಲಿಯೂ ಅಂಥ ಸಿದ್ಧಿಯ ಮೊದಲ ಸುಳಿವುಗಳು ಕಂಡಿವೆ. ಜಪಾನಿನ ಸಕಾಯಿ ನಗರದಲ್ಲಿ, ಬಾಟಲಿಗಳನ್ನು ಮರುಬಳಕೆಗೆ ಅಣಿಮಾಡುವ ಸ್ಥಳದಲ್ಲಿ ದೊರೆತ ಬ್ಯಾಕ್ಟೀರಿಯವೊಂದು ಆ ಬಾಟಲಿಗಳ ಪ್ಲಾಸ್ಟಿಕ್ಕನ್ನೇ ಆಹಾರವಾಗಿಸಿಕೊಂಡಿದೆಯೆಂದು 2016ರಲ್ಲಿ ಪ್ರಕಟವಾಯಿತು. ಜೇನು ಸಾಕುವವರೆಲ್ಲ ಶಪಿಸುವ ಮೇಣದ ಹುಳುವು ಪಾಲಿಥೀನನ್ನು ಕೊರೆದು ಸಡಿಲಿಸಬಲ್ಲುದೆಂಬುದು 2017ರಲ್ಲಿ ತಿಳಿಯಿತು. ಮೇಣ, ಪಾಲಿಥೀನ್ ಎರಡೂ ಇಂಗಾಲದ ಉದ್ದನೆಯ ಸರಪಳಿಗಳೇ ಆದುದರಿಂದ, ಜೇನುಗೂಡನ್ನು ಹಾಳುಮಾಡುವ ಅಭ್ಯಾಸವೇ ಆ ಹುಳುವನ್ನು ಈ ಹೊಸ ಭೋಜನಕ್ಕೆ ಸನ್ನದ್ಧವಾಗಿಸಿದ್ದಿರಬೇಕು. ಪ್ಲಾಸ್ಟಿಕ್ಕು ಸೃಷ್ಟಿಯ ಹೊರಗಿನದಲ್ಲ; ಭೋಕ್ತೃವಿಗಾಗಿ ಕಾದಿರುವ ಭೋಜ್ಯ.

ಹಾಗಾದರೆ ಪ್ರಕೃತಿಯೇ ನೋಡಿಕೊಂಡೀತು, ನಮಗೇಕೆ ಚಿಂತೆ ಎಂದು ಕೇಳುವವರಿದ್ದಾರೆ. ಅವರು ವಿಕಾಸದ ರೀತಿಯನ್ನು ಅರಿತವರಲ್ಲ. ವಿಕಾಸಕ್ಕೆ ಕರುಣೆಯಿಲ್ಲ, ಹೊಂದಿಕೊಳ್ಳಲಾರದವುಗಳ ಮರಣವೇ ಅದರ ಸಾಧನ. ಗಂಟೆಗಳಲ್ಲಿ ಪೀಳಿಗೆ ಕಳೆಯುವ ಸೂಕ್ಷ್ಮಜೀವಿಗೆ ಶತಮಾನವೆಂಬುದು ಯುಗಾಂತರ. ವರ್ಷಕ್ಕೊಂದು ಕರು ಹಾಕುವ ಹಸುವಿಗೂ, ಯಲ್ಲಾಪುರದ ಕಾಡಿನಲ್ಲಿ ಒಂದೆರಡೇ ಮರಿಗಳನ್ನು ಸಾಕುವ ದೊಡ್ಡ ಮಂಗಟ್ಟೆ ಹಕ್ಕಿಗೂ ಅದೇ ಶತಮಾನ ಕೆಲವೇ ತಲೆಮಾರು. ಅನ್ನದ ವಾಸನೆಯನ್ನು ನಂಬಿ ಪ್ಲಾಸ್ಟಿಕ್ ಕೈಚೀಲವನ್ನು ನುಂಗಿದ ಹಸುವಿನ ಹೊಟ್ಟೆಯಲ್ಲಿ ಆ ಚೀಲವು ಉಂಡೆಗಟ್ಟಿ ಉಳಿಯುವಾಗ, ಎಂದೋ ಬರಲಿರುವ ಬ್ಯಾಕ್ಟೀರಿಯದ ವಾರ್ತೆ ಅದಕ್ಕೆ ಏನು ಸಮಾಧಾನವನ್ನು ತಂದೀತು? ಸೃಷ್ಟಿಯು ಒಂದು ದಿನ ಉತ್ತರ ಕೊಟ್ಟರೂ, ಬೆಲೆ ತೆತ್ತವರಿಗೆ ಆ ಉತ್ತರ ದೊರೆಯದು. ಕರ್ಮ ಒಬ್ಬನದು, ಫಲಭೋಗ ಮತ್ತೊಬ್ಬರದು ಎಂಬ ಸ್ಥಿತಿಯನ್ನು ನಮ್ಮ ಯಾವ ದರ್ಶನವೂ ನ್ಯಾಯವೆಂದು ಒಪ್ಪಿದುದಿಲ್ಲ.

ಇದರಿಂದ ತೋಟಿಗನನ್ನು ದೂಷಿಸಬೇಕೆಂದು ಅರ್ಥವಲ್ಲ. ಮರವೇರುವ ಕೊನೆಗೌಡರೇ ವಿರಳರಾಗಿರುವಾಗ, ಹಾಳೆಯ ಕೊಟ್ಟೆಯನ್ನು ಹೊಲಿಯುವ ಕೈಗಳನ್ನು ಅವನು ಎಲ್ಲಿಂದ ತಂದಾನು? ಆದರೂ ಗೃಹಸ್ಥನಿಗೆ ವಿಹಿತವಾದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದೆಂಬುದನ್ನು ಅವನೂ ನಾವೂ ನೆನೆಯಬೇಕಾಗಿದೆ. ಪ್ರಾಣಿಗಳ ಪಾಲಿನ ಅನ್ನವನ್ನು ಅವುಗಳಿಗೆ ತೆಗೆದಿರಿಸುವುದು ಅದರ ವಿಧಿ. ಅನ್ನವಲ್ಲದ್ದನ್ನು ಅವುಗಳ ಮುಂದೆ ಸುರಿದು, ಉಣ್ಣಲು ಕಲಿಯಲೆಂದು ಕಾಯುವುದು ಅದರ ವಿಪರ್ಯಯ. ಹಾಳೆಗೆ ಮರಳಬಲ್ಲವನು ಮರಳಲಿ; ಮರಳಲಾರದವನು ತಾನು ಕಟ್ಟಿಸಿದ ಪ್ಲಾಸ್ಟಿಕ್ ಕೊಟ್ಟೆಗಳನ್ನು ಕೊಯ್ಲಿನ ಕಾಲದಲ್ಲಿ ಎಣಿಸಿ ಹಿಂದಕ್ಕೆ ತೆಗೆದುಕೊಳ್ಳಲಿ. ಇಷ್ಟನ್ನು ಮಾಡಲು ಕೋಟಿ ವರ್ಷಗಳು ಬೇಕಾಗಿಲ್ಲ, ಒಂದು ಸುಗ್ಗಿ ಸಾಕು.