ರೂತಳು ತೆಗೆದಿಟ್ಟ ಪಾಲು

ಕಥೋಲಿಕ ಧರ್ಮಸಭೆ ಸಂತರನ್ನು ಸಾಮಾನ್ಯವಾಗಿ ನೆನೆಯುವುದು ಅವರು ತೀರಿಕೊಂಡ ದಿನ. ಹುಟ್ಟಿದ ದಿನ ಹಬ್ಬವಾಗುವುದು ಯೇಸು, ಸ್ನಾನಿಕ ಯೊವಾನ್ನ ಮತ್ತು ಮಾತೆ ಮರಿಯ, ಈ ಮೂವರಿಗೆ ಮಾತ್ರ. ಸೆಪ್ಟೆಂಬರ್ 8 ಮರಿಯಳ ಜನ್ಮದಿನ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಮೊಂತಿ ಫೆಸ್ತ್, ತೆನೆ ಹಬ್ಬ.

ಒಂಬತ್ತು ದಿನದ ನೊವೆನಾದಲ್ಲಿ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದಂದು ಫಾದರ್ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಮನೆಗೆ ಬರುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಅದರ ಕಾಳು ಬಿಡಿಸಿ, ಉಗುರಿನಿಂದ ಸಿಪ್ಪೆ ತೆಗೆದು, ಪುಡಿ ಮಾಡಿ, ಹಾಲಿಗೋ ತೆಂಗಿನ ಹಾಲಿಗೋ ಬೆರೆಸಿ ಒಬ್ಬೊಬ್ಬರಿಗೂ ಕೊಡುತ್ತಾರೆ. ಆಮೇಲೆ ಬಾಳೆಎಲೆ ಊಟ. ಅಂದು ಮೀನು, ಮಾಂಸ ಇಲ್ಲ. ಕೆಸುವಿನ ಎಲೆ, ಹರಿವೆ ದಂಟು, ಬೆಂಡೆ, ಹೀರೆ ಹೀಗೆ ತರಕಾರಿಗಳ ಲೆಕ್ಕ ಬೆಸವಾಗಿರಬೇಕೆಂಬುದು ರೂಢಿ.

ಮರಿಯಳ ಹುಟ್ಟಿನ ಬಗ್ಗೆ ಬೈಬಲ್‌ನಲ್ಲಿ ಒಂದು ಮಾತೂ ಇಲ್ಲ. ಹಾಗಾಗಿ ಅಂದಿನ ಪೂಜೆಗೆ ಮತ್ತಾಯನ ಮೊದಲ ಅಧ್ಯಾಯ: ಅಬ್ರಹಾಮನಿಂದ ಇಳಿದು ಬಂದ ಯೇಸುವಿನ ವಂಶಾವಳಿ. ಹೆಸರುಗಳ ಈ ಉದ್ದ ಪಟ್ಟಿಯಲ್ಲಿ ಕೇಳುವವರ ಗಮನ ಬೇಗ ಜಾರುತ್ತದೆ. ನಾನು ಮಾತ್ರ ಕಿವಿಗೊಟ್ಟು ಕಾಯುವುದು ರೂತಳ ಹೆಸರಿಗೆ. ಅವಳು ಮೋವಾಬ್ ನಾಡಿನ ವಿಧವೆ, ಹೊರಗಿನವಳು. ಅತ್ತೆ ನವೊಮಿಯ ಜೊತೆ ಬೆತ್ಲೆಹೇಮಿಗೆ ಬಂದು, ಬೋವಜನ ಹೊಲದಲ್ಲಿ ಕೊಯ್ಲಿನವರ ಹಿಂದೆ ಹಿಂದೆ ಹೋಗಿ, ಬಿದ್ದ ತೆನೆ ಆಯ್ದಳು. ಊಟದ ಹೊತ್ತಿಗೆ ಬೋವಜ ಹುರಿಗಾಳು ಕೊಟ್ಟ. ಹೊಟ್ಟೆ ತುಂಬ ತಿಂದಳು, ಮಿಕ್ಕಿದ್ದನ್ನು ಎತ್ತಿಟ್ಟುಕೊಂಡಳು, ಸಂಜೆ ಮನೆಯಲ್ಲಿದ್ದ ಅತ್ತೆಯ ಕೈಗೆ ಹಾಕಿದಳು. ಇಷ್ಟು ಸಣ್ಣ ಸಂಗತಿಯನ್ನೂ ಬೈಬಲ್ ಬಿಡದೆ ಬರೆದಿಟ್ಟಿದೆ.

ಮುಂಬೈಯಲ್ಲಿ, ಕೊಲ್ಲಿ ದೇಶಗಳಲ್ಲಿ ಇರುವ ಮಕ್ಕಳಿಗೆಂದು ತೆನೆಯ ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ ಕಳಿಸುವ ತಾಯಂದಿರು ಮಾಡುವುದೂ ರೂತಳು ಮಾಡಿದ್ದನ್ನೇ. ಎದುರಿಗಿಲ್ಲದವರಿಗೂ ಊಟದಲ್ಲಿ ಪಾಲುಂಟು. ಈ ಹಬ್ಬದಿಂದ ದಿನದ ಭಕ್ತಿಗೆ ದಕ್ಕಬೇಕಾದ್ದು ಇದೇ ಎಂದು ನನಗೆ ಅನಿಸುತ್ತದೆ. ಊಟಕ್ಕೆ ಮುಂಚೆ ಶಿಲುಬೆಯ ಗುರುತು ಹಾಕಿ ಪ್ರಾರ್ಥನೆ ಹೇಳುವುದು ನಮಗೆಲ್ಲ ಬಾಯಿಪಾಠ. ಅದರ ಜೊತೆಗೆ, ಇನ್ನೂ ಊಟ ಮಾಡದ ಒಬ್ಬರ ಹೆಸರು ಹೇಳಿ, ಅವರ ಪಾಲನ್ನು ಮೊದಲೇ ತೆಗೆದಿಡಬಹುದು. ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ಕೆರೆದು ಉಣ್ಣುವವಳು ಅಡುಗೆ ಮಾಡಿದವಳೇ ಆಗಿದ್ದರೆ ಆ ಪಾಲು ಅವಳದ್ದು. ಮೊಂತಿ ಫೆಸ್ತ್‌ನಂದು ಎಲ್ಲರೂ ಒಟ್ಟಿಗೆ ಎಲೆಯ ಮುಂದೆ ಕೂರುವುದರಿಂದ ಇದು ತಾನಾಗಿ ನಡೆಯುತ್ತದೆ. ಸೆಪ್ಟೆಂಬರ್ 9ರಿಂದ ನೆನಪಿಟ್ಟು ಮಾಡಬೇಕು.